ದಷ್ಟಪುಷ್ಟ ಆಡೇ ಮೊದಲು ಸಾಯುವುದೇಕೆ?

ಎಂಟನೆಯ ತರಗತಿಯ ಸೂಕ್ಷ್ಮಜೀವಿಗಳ ಪಾಠದಲ್ಲಿ ಪ್ರಾಣಿರೋಗಗಳಿಗೆ ಅಂಥ್ರಾಕ್ಸ್ ಮತ್ತು ಕಾಲುಬಾಯಿ ರೋಗದ ಉದಾಹರಣೆಗಳಿವೆ. ರಾಯಾಪುರದಲ್ಲಿ ಬೋಧನಾಭ್ಯಾಸ ನಡೆಸಿದಾಗ ನಾನು ಇವುಗಳ ಜೊತೆಗೆ ಆಡಿನ ರೋಗಗಳನ್ನೂ ಸೇರಿಸಿಕೊಂಡೆ. ಹುಬ್ಬಳ್ಳಿ-ಧಾರವಾಡ ರಸ್ತೆಯ ಈ ಊರಿನಲ್ಲಿ ಕಾರ್ಖಾನೆಗಳೂ ಇವೆ, ಹೊಲಗಳೂ ಇವೆ. ತರಗತಿಯ ಕೆಲವು ಮಕ್ಕಳ ಮನೆಯಲ್ಲಿ ನಾಲ್ಕೈದು ಆಡುಗಳಿದ್ದವು. ಆಸ್ಪತ್ರೆಯ ಖರ್ಚು ಬಂದರೂ ಶಾಲೆಯ ಫೀ ಕಟ್ಟಬೇಕಾದರೂ ಅವರು ಮೊದಲು ಮಾರುವುದು ಆಡನ್ನೇ. ಒಂದು ಆಡು ಸತ್ತರೆ ಅಷ್ಟು ಉಳಿತಾಯವೇ ಹೋದಂತೆ.

ಪೂರ್ವಜ್ಞಾನ ತಿಳಿಯಲು ಪ್ರಶ್ನೆ ಕೇಳುತ್ತಿದ್ದಾಗ ಒಬ್ಬ ವಿದ್ಯಾರ್ಥಿನಿ ನನಗೇ ಪ್ರಶ್ನೆ ಹಾಕಿದಳು: "ಟೀಚರ್, ಬಡಕಲ ಆಡು ಉಳದ್ವು, ಚಲೋ ಮೇದು ದಪ್ಪ ಆಗಿದ್ದು ರಾತ್ರೋರಾತ್ರಿ ಸತ್ತಿತು. ನಮ್ಮ ಆಯಿ ದೃಷ್ಟಿ ಆಗೇತಿ ಅಂತಾಳ್ರಿ, ಖರೇ ಏನ್ರಿ?" ಇಡೀ ಪಾಠವನ್ನು ಈ ಪ್ರಶ್ನೆಯ ಸುತ್ತಲೇ ಕಟ್ಟಿದೆ.

ಆಯಿ ಕಂಡದ್ದು ಸುಳ್ಳಲ್ಲ. ಕಾರಣ ಮಾತ್ರ ಬೇರೆ. ಹೀಗೆ ಸಾಯಿಸುವ ಮುಖ್ಯ ರೋಗ ಕರುಳುಬೇನೆ. ಇದರ ಬ್ಯಾಕ್ಟೀರಿಯಾ ಆರೋಗ್ಯವಂತ ಆಡಿನ ಕರುಳಿನಲ್ಲೂ ಸ್ವಲ್ಪ ಪ್ರಮಾಣದಲ್ಲಿ ಇರುತ್ತದೆ, ತೊಂದರೆ ಕೊಡುವುದಿಲ್ಲ. ಮೊದಲ ಮಳೆಗೆ ಚಿಗುರಿದ ಎಳೆ ಹುಲ್ಲನ್ನೋ ಕಣದಲ್ಲಿ ಬಿದ್ದ ಗೋವಿನಜೋಳವನ್ನೋ ಆಡು ಒಮ್ಮೆಲೇ ಹೊಟ್ಟೆ ತುಂಬ ತಿಂದರೆ, ಜೀರ್ಣವಾಗದ ಪಿಷ್ಟ ಮತ್ತು ಸಕ್ಕರೆ ಕರುಳಿಗೆ ಇಳಿಯುತ್ತವೆ. ಆಗ ಬ್ಯಾಕ್ಟೀರಿಯಾ ವೇಗವಾಗಿ ಹೆಚ್ಚಿ ವಿಷ ಉತ್ಪಾದಿಸುತ್ತದೆ. ವಿಷ ರಕ್ತಕ್ಕೆ ಸೇರಿದ ಮೇಲೆ ಕೆಲವೇ ಗಂಟೆಗಳಲ್ಲಿ ಆಡು ಸಾಯಬಹುದು. ಹೆಚ್ಚು ತಿನ್ನುವುದು ಗಟ್ಟಿಮುಟ್ಟಾದ ಆಡು. ಅದಕ್ಕೇ ಅದು ಮೊದಲು ಸಾಯುತ್ತದೆ.

ಇದನ್ನು ತೋರಿಸಲು ಎರಡು ಬಾಟಲಿಗಳಲ್ಲಿ ಬೆಚ್ಚಗಿನ ನೀರು ಮತ್ತು ಸಮಪ್ರಮಾಣದ ಯೀಸ್ಟ್ ಹಾಕಿದೆ. ಒಂದಕ್ಕೆ ಚಿಟಿಕೆ ಸಕ್ಕರೆ, ಇನ್ನೊಂದಕ್ಕೆ ಎರಡು ಚಮಚ ಸಕ್ಕರೆ ಬೆರೆಸಿ ಬಾಯಿಗೆ ಬಲೂನು ಕಟ್ಟಿಸಿದೆ. ಅವಧಿ ಮುಗಿಯುವ ಹೊತ್ತಿಗೆ ಎರಡನೆಯದು ಹೆಚ್ಚು ಉಬ್ಬಿತ್ತು. ಯೀಸ್ಟ್ ರೋಗಾಣುವಲ್ಲ, ಬಲೂನಿನಲ್ಲಿರುವುದು ವಿಷವೂ ಅಲ್ಲ ಎಂದು ಸ್ಪಷ್ಟಪಡಿಸಿದೆ. ಸೂಕ್ಷ್ಮಜೀವಿ ಅದೇ, ಆಹಾರ ಹೆಚ್ಚಾದಾಗ ಅದರ ಚಟುವಟಿಕೆ ಹೆಚ್ಚುತ್ತದೆ ಎಂಬುದಷ್ಟೇ ಇಲ್ಲಿ ಕಲಿಯಬೇಕಾದ ಅಂಶ.

ರೋಗ ಇಷ್ಟು ವೇಗವಾಗಿ ಕೊಲ್ಲುವಾಗ ಔಷಧಿಗೆ ಓಡಿ ಫಲವಿಲ್ಲ, ಮೊದಲೇ ತಡೆಯಬೇಕು. ಮಳೆಗಾಲಕ್ಕೆ ಮುಂಚೆ, ಅಂದರೆ ಮೇ ತಿಂಗಳೊಳಗೆ, ಕರುಳುಬೇನೆಯ ಲಸಿಕೆ ಆಗಿರಬೇಕು. ಮೊದಲ ಸಲವಾದರೆ 2–3 ವಾರಗಳ ಅಂತರದಲ್ಲಿ ಎರಡು ಬಾರಿ, ಆಮೇಲೆ ಪ್ರತಿವರ್ಷ ಕೊಡಿಸಬೇಕು. ಹೊಸ ಮೇವನ್ನು ವಾರ, ಹತ್ತು ದಿನಗಳಲ್ಲಿ ಸ್ವಲ್ಪ ಸ್ವಲ್ಪವೇ ರೂಢಿಸಬೇಕು. ಹಸಿ ಹುಲ್ಲಿಗೆ ಬಿಡುವ ಮುನ್ನ ಒಂದಿಷ್ಟು ಒಣಮೇವು ತಿನ್ನಿಸುವುದು ಒಳ್ಳೆಯದು.

ಇನ್ನೊಂದು ದೊಡ್ಡ ರೋಗ ಪಿಪಿಆರ್. ಇದು ವೈರಸ್‌ನಿಂದ ಬರುತ್ತದೆ. ಭಾರತದಲ್ಲಿ ಇದು ಮೊದಲು ಪತ್ತೆಯಾದದ್ದು 1987ರಲ್ಲಿ, ತಮಿಳುನಾಡಿನಲ್ಲಿ. ಜೋರು ಜ್ವರ, ಕಣ್ಣು-ಮೂಗಿನಲ್ಲಿ ಸೋರಿಕೆ, ಬಾಯಿಹುಣ್ಣು, ಭೇದಿ, ಕೆಮ್ಮು ಇದರ ಲಕ್ಷಣಗಳು. ಮರಿಗೆ ಮೂರು-ನಾಲ್ಕು ತಿಂಗಳಾದಾಗ ಲಸಿಕೆ ಹಾಕಿಸಿದರೆ ಸುಮಾರು ಮೂರು ವರ್ಷ ರಕ್ಷಣೆ ಸಿಗುತ್ತದೆ. ಸಂತೆಯಿಂದ ತಂದ ಆಡನ್ನು ಮೂರು ವಾರ ಬೇರೆ ಕಟ್ಟಬೇಕು.

ಮೂರನೆಯದು ಹೊಟ್ಟೆಯಲ್ಲಿ ರಕ್ತ ಹೀರುವ ಜಂತುಹುಳು. ಇದನ್ನು ಮಕ್ಕಳೇ ಗುರುತಿಸಬಲ್ಲರು. ಕೆಳರೆಪ್ಪೆಯನ್ನು ಮೆಲ್ಲಗೆ ಕೆಳಗೆಳೆದು ನೋಡಿದರೆ ಒಳಭಾಗ ಕೆಂಪಾಗಿರಬೇಕು. ಬಿಳಿಚಿದ್ದರೆ ರಕ್ತಹೀನತೆ, ದವಡೆಯ ಕೆಳಗೆ ನೀರು ತುಂಬಿದಂತೆ ಬಾವು ಕಂಡರೆ ಇನ್ನೂ ಅಪಾಯ. ಜಂತಿನ ಔಷಧಿಯನ್ನು ಆಡಿನ ತೂಕ ನೋಡಿಯೇ ಕೊಡಬೇಕು. ಕಡಿಮೆ ಕೊಟ್ಟರೆ ಔಷಧಿಗೆ ಬಗ್ಗದ ಹುಳುಗಳಷ್ಟೇ ಉಳಿದು ಬೆಳೆಯುತ್ತವೆ. ಗಬ್ಬದ ಆಡಿಗೆ ವೈದ್ಯರನ್ನು ಕೇಳದೆ ಕೊಡಬಾರದು.

ಮರಿಯ ಆರೈಕೆ ಗಿಣ್ಣದ ಹಾಲಿನಿಂದ ಶುರುವಾಗುತ್ತದೆ. ಹುಟ್ಟಿದ ಒಂದು ಗಂಟೆಯೊಳಗೆ ಕುಡಿಸಲು ಆರಂಭಿಸಿ, ಮೊದಲ ದಿನ ಮರಿಯ ತೂಕದ ಹತ್ತನೇ ಒಂದು ಭಾಗದಷ್ಟು ಕುಡಿಸಬೇಕು. ಎರಡು ಕಿಲೋ ಮರಿಗೆ ಎಷ್ಟು ಎಂದು ಕೇಳಿದಾಗ ಮಕ್ಕಳು 200 ಗ್ರಾಂ ಎಂದು ತಟ್ಟನೆ ಹೇಳಿದರು.

ಪಠ್ಯದಲ್ಲಿರುವ ಅಂಥ್ರಾಕ್ಸ್, ಅಂದರೆ ನೆರಡಿ ರೋಗವನ್ನು ಕೊನೆಗೆ ಹೇಳಿದೆ. ಇದರಲ್ಲೂ ಆಡು ದಿಢೀರನೆ ಸಾಯುತ್ತದೆ. ಮನುಷ್ಯರಿಗೂ ಇದು ಹರಡುತ್ತದೆ. ಆದ್ದರಿಂದ ದಿಢೀರ್ ಸತ್ತ ಆಡನ್ನು ಕೊಯ್ಯುವುದು, ಚರ್ಮ ಸುಲಿಯುವುದು, ಮಾಂಸ ತಿನ್ನುವುದು ಸಲ್ಲದು. ಮೂಗು ಅಥವಾ ಗುದದಿಂದ ಕಪ್ಪು ರಕ್ತ ಬಂದಿದ್ದರಂತೂ ಮುಟ್ಟದೆ ಪಶುವೈದ್ಯರಿಗೆ ತಿಳಿಸಬೇಕು. ಪಶುಪಾಲಕರಿಗೆ 1962 ಉಚಿತ ಸಹಾಯವಾಣಿ ಇದೆ.

ಮನೆಗೆಲಸವಾಗಿ ಒಂದು ವಾರದ ನೋಟದ ಪಟ್ಟಿ ಕೊಟ್ಟೆ: ಮೇವು ತಿಂದಿತೆ, ಮೆಲುಕು ಹಾಕಿತೆ, ಹಿಕ್ಕೆ ಗಟ್ಟಿ ಇದೆಯೆ, ರೆಪ್ಪೆಯ ಒಳಗೆ ಕೆಂಪಿದೆಯೆ, ಹಿಂಡಿನಿಂದ ಹಿಂದೆ ಉಳಿಯಿತೆ? ಆಡಿಲ್ಲದ ಮಕ್ಕಳನ್ನು ಆಡಿರುವವರ ಜೊತೆ ಸೇರಿಸಿದೆ. ಊರಿನ ಶಾಲೆಗಳಲ್ಲಿ ಈ ಪಾಠ ಮಾಡುವ ಸಹಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ ಇಷ್ಟೆ: ಇದನ್ನು ಆದಷ್ಟು ಬೇಸಿಗೆ ರಜೆಗೆ ಮುಂಚೆ ಒಮ್ಮೆ ಪುನರಾವರ್ತಿಸಿ. ಆಗ ಲಸಿಕೆಯ ಮಾತು ಮಳೆಗಿಂತ ಮೊದಲೇ ಮನೆ ತಲುಪುತ್ತದೆ.