ಕ್ಯೋಟೋ ನಗರದ ಸುಟ್ಟ ಮೀನು

ಜಪಾನಿನ ಕ್ಯೋಟೋ ನಗರವು ಕ್ರಿ. ಶ. 794ರಿಂದ ಮೊದಲ್ಗೊಂಡು ಸಾವಿರ ವರ್ಷಗಳಿಗೂ ಮೇಲ್ಪಟ್ಟು ಚಕ್ರವರ್ತಿಗಳ ರಾಜಧಾನಿಯಾಗಿದ್ದಿತು. ಅರಮನೆ, ದೇವಾಲಯ, ಹೂದೋಟ, ಕಾಯಿಪಲ್ಯ, ಯಾವುದಕ್ಕೂ ಅಲ್ಲಿ ಕೊರತೆಯಿರಲಿಲ್ಲ. ಹತ್ತಿರದಲ್ಲಿ ಕಡಲು ಮಾತ್ರ ಇರಲಿಲ್ಲ. ವಕಾಸಾ ಕೊಲ್ಲಿಯ ಮೀನು ಆ ನಗರವನ್ನು ಸೇರಬೇಕಾದರೆ ಹೊರೆಯಾಳುಗಳು ಬೆಟ್ಟದ ದಾರಿಯಲ್ಲಿ ಸುಮಾರು 70 ಕಿಲೋಮೀಟರು ನಡೆಯಬೇಕಾಗಿದ್ದಿತು. ಆದುದರಿಂದ ಮೀನಿಗೆ ಉಪ್ಪು ಹಾಕಿ ಹೊರಡುತ್ತಿದ್ದರು. ಹೀಗೆ ಬಂದುದರಲ್ಲಿ 'ಸಾಬಾ' ಎಂಬ ಮೀನೇ ಹೆಸರಾದುದು. ಅದು ನಮ್ಮ ಬಂಗುಡೆಯ ಬಳಗದ್ದು. ಆ ದಾರಿಗೆ 'ಸಾಬಾ ಕೈದೋ', ಎಂದರೆ ಸಾಬಾ ಮೀನಿನ ಹೆದ್ದಾರಿ, ಎಂಬ ಹೆಸರು ಇಂದಿಗೂ ಉಳಿದಿದೆ. ದೂರದಿಂದ ಬಂದ ವಸ್ತುವನ್ನು ಹಾಳುಮಾಡದೆ ಉಣ್ಣುವ ಜಾಣ್ಮೆಯನ್ನು ಕ್ಯೋಟೋದವರು ಬಹು ಚೆನ್ನಾಗಿ ಕಲಿತರು. ಅಂತಹ ಜಾಣ್ಮೆಯ ಅಡಿಗೆಗಳಲ್ಲೊಂದಾದ 'ಸೈಕ್ಯೋಯಾಕಿ'ಯನ್ನು ಮತ್ಸ್ಯಾಹಾರಿಗಳಾದ ನಮ್ಮ ವಾಚಕರಿಗೆ ಪರಿಚಯ ಮಾಡಿಕೊಡಬಯಸುವೆವು.

1868ರಲ್ಲಿ ಎಡೋ ನಗರಕ್ಕೆ ಟೋಕಿಯೋ, ಅಂದರೆ ಮೂಡಣ ರಾಜಧಾನಿ, ಎಂದು ಹೆಸರಾದಾಗ ಕ್ಯೋಟೋವನ್ನು ಸೈಕ್ಯೋ, ಅಂದರೆ ಪಡುವಣ ರಾಜಧಾನಿ, ಎಂದು ಕರೆಯುವ ರೂಢಿ ಬಂದಿತು. 'ಯಾಕಿ' ಎಂದರೆ ಸುಟ್ಟುದು. ಈ ಅಡಿಗೆಗೆ ಜೀವಾಳವಾದುದು ಆ ನಗರದ ಬಿಳಿಯ ಮಿಸೋ. ಬೇಯಿಸಿ ಅರೆದ ಸೋಯಾ ಕಾಳಿಗೆ ಉಪ್ಪನ್ನೂ, 'ಕೋಜಿ' ಎಂಬ ಒಳ್ಳೆಯ ಬೂಷ್ಟನ್ನು ಬೆಳೆಸಿದ ಅನ್ನವನ್ನೂ ಬೆರೆಸಿ ಮಾಗಿಸಿದರೆ ಮಿಸೋ ಆಗುವುದು. ಕ್ಯೋಟೋದವರು ಅಕ್ಕಿಯನ್ನು ಹೆಚ್ಚಾಗಿಯೂ ಉಪ್ಪನ್ನು ನೂರಕ್ಕೆ ಸುಮಾರು 5ರಷ್ಟು ಮಾತ್ರವೂ ಹಾಕಿ, ಕೆಲವೇ ದಿನ ಮಾಗಿಸುವುದರಿಂದ ಅದು ಕೆನೆಯ ಬಣ್ಣದ್ದಾಗಿ ಸಿಹಿಯಾಗಿರುವುದು. ಕೆಂಪು ಮಿಸೋದಲ್ಲಿ ಉಪ್ಪು ಇದರ ಎರಡರಷ್ಟಕ್ಕಿಂತಲೂ ಹೆಚ್ಚು. ಕೆಂಪುದೊಂದೇ ದೊರೆತಲ್ಲಿ ಅದನ್ನು ಕಡಿಮೆ ಬಳಸಿ, ಸ್ವಲ್ಪ ಸಕ್ಕರೆ ಸೇರಿಸಿ, ಕೆಲವು ಗಂಟೆಗಳಲ್ಲಿಯೇ ಮೀನನ್ನು ಹೊರತೆಗೆಯತಕ್ಕದ್ದು.

ಈ ಅಡಿಗೆಗೆ ಜಪಾನೀಯರು ಬಹುವಾಗಿ ಮೆಚ್ಚುವ ಮೀನು 'ಸವಾರಾ'. ನಮ್ಮ ಕರಾವಳಿಯ ಅಂಜಲ್ ಮೀನು ಇದಕ್ಕೆ ದಾಯಾದಿ. ಎರಡೂ ಒಂದೇ ಕುಲದವು. ಆದುದರಿಂದ ಮಂಗಳೂರು, ಕಾರವಾರಗಳ ಗೃಹಿಣಿಯರಿಗೆ ತಕ್ಕ ಮೀನು ಮನೆಯ ಬಾಗಿಲಿನಲ್ಲಿಯೇ ಉಂಟು.

ಎರಡು ಸೆಂಟಿಮೀಟರು ದಪ್ಪದ ನಾಲ್ಕು ತುಂಡುಗಳನ್ನು, ಒಟ್ಟು 400 ಗ್ರಾಮಿನಷ್ಟು, ತೆಗೆದುಕೊಳ್ಳಿರಿ. ಮುಕ್ಕಾಲು ಚಹಾಚಮಚ ಉಪ್ಪನ್ನು ಎರಡು ಮಗ್ಗುಲಿಗೂ ಉದುರಿಸಿ ಅರ್ಧ ಗಂಟೆ ತಂಪಿನಲ್ಲಿಡಿರಿ. ಉಪ್ಪು ಮೀನಿನ ನೀರನ್ನು ಹೊರಗೆಳೆಯುವುದು. ಆ ನೀರಿನೊಡನೆ ಹಸಿವಾಸನೆಯೂ ಬಹುಮಟ್ಟಿಗೆ ಹೋಗುವುದು. ಅದನ್ನು ಬಟ್ಟೆಯಿಂದ ಚೆನ್ನಾಗಿ ಒರಸಬೇಕು. ಬಳಿಕ 200 ಗ್ರಾಮು ಬಿಳಿ ಮಿಸೋವಿಗೆ 'ಮಿರಿನ್' ಎಂಬ ಸಿಹಿಯಾದ ಅಕ್ಕಿಮದ್ಯವನ್ನೂ, 'ಸಾಕೆ'ಯನ್ನೂ ಎರಡೆರಡು ದೊಡ್ಡ ಚಮಚ ಬೆರೆಸಿರಿ. ಮದ್ಯವನ್ನು ಮನೆಯೊಳಗೆ ತರಲೊಲ್ಲದವರು ನೀರಿನಲ್ಲಿ ಕದಡಿದ ಸಕ್ಕರೆಯಿಂದ ತೃಪ್ತಿಪಡಬಹುದು. ತುಂಡುಗಳನ್ನು ತೆಳುವಾದ ಬಟ್ಟೆಯಲ್ಲಿ ಸುತ್ತಿ, ಕೆಳಗೂ ಮೇಲೂ ಮಿಸೋ ಹರಡಿ, ಮುಚ್ಚಳವುಳ್ಳ ಪಾತ್ರೆಯಲ್ಲಿ ಒಂದರಿಂದ ಎರಡು ದಿನ ಇಡಬೇಕು. ಬಟ್ಟೆಯಿದ್ದರೆ ರುಚಿ ಒಳಗಿಳಿಯುವುದು, ಮಿಸೋ ಮಾತ್ರ ಅಂಟಿಕೊಳ್ಳದು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಮಿಸೋವಿನಲ್ಲಿ ಇಟ್ಟ ಮೀನು ಅಡಿಗೆಮನೆಯ ಗೂಡಿನಲ್ಲಿದ್ದರೂ ಕೆಡದೆಂದು ಯಾರೂ ಭಾವಿಸಬಾರದು. ಅಂಜಲ್, ಬಂಗುಡೆ ಮೊದಲಾದ ಮೀನುಗಳು ಬೆಚ್ಚಗಿನ ಎಡೆಯಲ್ಲಿ ಉಳಿದರೆ ಅವುಗಳಲ್ಲಿ ಹಿಸ್ಟಮೀನ್ ಎಂಬ ವಸ್ತು ಹುಟ್ಟುವುದು. ಕೆಲವೊಮ್ಮೆ ಬಣ್ಣದಿಂದಾಗಲಿ ವಾಸನೆಯಿಂದಾಗಲಿ ಅದು ತಿಳಿಯದು. ಎಷ್ಟು ಬೇಯಿಸಿದರೂ ಅಳಿಯದು. ತಿಂದವರಿಗೆ ಸ್ವಲ್ಪ ಹೊತ್ತಿನಲ್ಲಿಯೇ ಮುಖ ಕೆಂಪೇರಿ, ತಲೆನೋವು, ತುರಿಕೆ, ವಾಂತಿಗಳು ಕಾಣಿಸಿಕೊಳ್ಳಬಹುದು. ಆದುದರಿಂದ ಹೊಸ ಮೀನನ್ನೇ ಕೊಳ್ಳಬೇಕು. ಕೊಂಡೊಡನೆ ಮಂಜುಗಡ್ಡೆಯಲ್ಲಿಟ್ಟು ತರಬೇಕು. ನೆನೆಯುವ ಕಾಲವೆಲ್ಲ ಅದು ರೆಫ್ರಿಜರೇಟರಿನಲ್ಲಿ 4 ಡಿಗ್ರಿ ಸೆಂಟಿಗ್ರೇಡಿಗೆ ಮೀರದಂತಿರಬೇಕು. ಮಿಸೋ ಒಳ್ಳೆಯ ಮೀನಿನ ರುಚಿಯನ್ನು ಹೆಚ್ಚಿಸುವುದೇ ಹೊರತು ಕೆಟ್ಟ ಮೀನನ್ನು ಒಳ್ಳೆಯದಾಗಿ ಮಾಡಲಾರದು.

ಸುಡುವಾಗ ಜಪಾನೀಯರು ಹೇಳುವ ಸೂತ್ರವೊಂದುಂಟು: ಬೆಂಕಿ ಬಲವಾಗಿರಲಿ, ಆದರೆ ದೂರವಿರಲಿ. ಮಿಸೋದ ಸಿಹಿಯು ಕೆಂಡದ ಹತ್ತಿರ ಹೋದರೆ ಕ್ಷಣದಲ್ಲಿ ಕರಿಕಾಗುವುದು. ಒಳಗಿನ ಮಾಂಸ ಹಸಿಯಾಗಿಯೇ ಉಳಿಯುವುದು. ಆದುದರಿಂದ ತುಂಡಿಗೆ ಹತ್ತಿದ ಮಿಸೋವನ್ನು ಪೂರ್ತಿಯಾಗಿ ಒರಸಿ, ಕೆಂಡದಿಂದ ಒಂದು ಗೇಣು ಎತ್ತರದಲ್ಲಿ ಕಬ್ಬಿಣದ ಜಾಲರಿಯ ಮೇಲಿಟ್ಟು, ಒಂದೇ ಸಲ ಮಗುಚಿ ಸುಡಬೇಕು. ಕೆಂಡವಿಲ್ಲದವರು ಕಾವಲಿಯ ಮೇಲೆ ಬೇಕಿಂಗ್ ಕಾಗದವನ್ನು ಹಾಸಿ ಸಣ್ಣ ಉರಿಯಲ್ಲಿ ಬೇಯಿಸಬಹುದು; ಕಾಗದದ ಅಂಚು ಉರಿಗೆ ಚಾಚಬಾರದು. ಹೊರಮೈ ಹೊಂಬಣ್ಣಕ್ಕೆ ತಿರುಗಿ, ನಡುಭಾಗವು ಬೆಳ್ಳಗಾಗಿ ಪದರು ಪದರಾಗಿ ಬಿಟ್ಟುಕೊಂಡರೆ ಮೀನು ಬೆಂದಿತೆಂದು ತಿಳಿಯಬೇಕು. ಹಸಿಮೀನು ಕುಳಿತಿದ್ದ ಮಿಸೋವನ್ನು ಹಾಗೆಯೇ ನಾಲಗೆಗಿಡದೆ, ಚೆನ್ನಾಗಿ ಕುದಿಸಿದ ಬಳಿಕವೇ ಸಾರಿಗೆ ಬಳಸಬೇಕು.

ಮಿಸೋ ದೊರೆಯದವರಿಗೆ 'ಯೂಆನ್‌ಯಾಕಿ' ಎಂಬ ಇನ್ನೊಂದು ಕ್ರಮವುಂಟು. ಸೋಯಾ ರಸ, ಮಿರಿನ್, ಸಾಕೆಗಳನ್ನು ಸಮಪಾಲಾಗಿ ಬೆರೆಸಿ, ಯೂಝು ಎಂಬ ನಿಂಬೆಯ ಜಾತಿಯ ಹಣ್ಣಿನ ಬಿಲ್ಲೆಗಳನ್ನು ಹಾಕಿ, ಮೀನನ್ನು ಅರ್ಧ ಗಂಟೆ ತಂಪಿನಲ್ಲಿಯೇ ನೆನೆಸಿ ಸುಡುವರು. ಯೂಝುವಿನ ಬದಲಿಗೆ ನಮ್ಮ ನಿಂಬೆಹಣ್ಣನ್ನು ಹಾಕಿದರೆ ಪರಿಮಳ ಬೇರೆಯಾದರೂ ಕೆಲಸ ನಡೆಯುವುದು.

ಬಡಿಸುವಾಗ ತೊಗಲು ಮೇಲಾಗಿರುವಂತೆ ಇಟ್ಟು, ಪಕ್ಕದಲ್ಲಿ ತುರಿದ ಮೂಲಂಗಿಯನ್ನೋ ಸಿಹಿ ಬೆರೆಸಿದ ವಿನೆಗರಿನಲ್ಲಿಟ್ಟ ಎಳೆಯ ಶುಂಠಿಯನ್ನೋ ಇಡುವರು. ಜೊತೆಗೆ ಬಿಸಿ ಅನ್ನ. ಕಾರವನ್ನು ಒಲ್ಲದ ಮಕ್ಕಳಿಗೂ ವೃದ್ಧರಿಗೂ ಈ ಮೀನು ಹಿತವೆನಿಸುವುದು. ರಕ್ತದೊತ್ತಡವುಳ್ಳವರು ಮಾತ್ರ ಉಪ್ಪಿನ ನೆನಪಿಟ್ಟು ಸಣ್ಣ ತುಂಡಿನಲ್ಲಿ ತೃಪ್ತರಾಗಲಿ. ಶನಿವಾರದ ಬೆಳಗ್ಗೆ ಮೀನು ತಂದು ಮಿಸೋದಲ್ಲಿಟ್ಟರೆ ಭಾನುವಾರದ ಊಟಕ್ಕೆ ಸಿದ್ಧವಾಗಿರುವುದು.