ಸಂಧಾನದ ಹೆಸರಿನಲ್ಲಿ ದಾಳಿ: 1956ರ ಸೂಯೆಜ್ ಯುದ್ಧ ಕಲಿಸುವ ಪಾಠ

ಪವಿತ್ರ ಕುರ್‌ಆನಿನ ಅಲ್‌ಬಕರ ಅಧ್ಯಾಯದ ಆರಂಭದಲ್ಲಿಯೇ ಅಲ್ಲಾಹನು ಒಂದು ವರ್ಗದ ಜನರನ್ನು ನಮಗೆ ಪರಿಚಯಿಸುತ್ತಾನೆ. ಭೂಮಿಯಲ್ಲಿ ಕ್ಷೋಭೆ ಹರಡಬೇಡಿ ಎಂದು ಹೇಳಿದರೆ, ತಾವು ಮಾಡುತ್ತಿರುವುದೇ ಸುಧಾರಣೆ ಎಂದು ಅವರು ಉತ್ತರಿಸುತ್ತಾರೆ. ಈ ತಿಂಗಳ ಖುತ್ಬಾದ ವಿಷಯವೂ ಇದೇ ಆಗಿತ್ತು. 'ಇಸ್ಲಾಹ್' ಎಂಬ ಪದಕ್ಕೆ ಕೆಟ್ಟುಹೋದದ್ದನ್ನು ಸರಿಪಡಿಸುವುದು ಎಂಬ ಅರ್ಥವಿದೆ; ಜಗಳವಾಡುವವರ ನಡುವೆ ರಾಜಿ ಮಾಡಿಸುವುದು ಎಂಬ ಅರ್ಥವೂ ಇದೆ. ಇಷ್ಟು ಪವಿತ್ರವಾದ ಕೆಲಸದ ಹೆಸರನ್ನು ಹೊತ್ತುಕೊಂಡು ಅಕ್ರಮ ಎಸಗುವುದು ಹೇಗೆ ಎಂಬುದಕ್ಕೆ ಇತಿಹಾಸದಲ್ಲಿ ದಾಖಲೆ ಸಮೇತ ಉಳಿದಿರುವ ಒಂದು ಘಟನೆಯನ್ನು ನಾವು ಇಲ್ಲಿ ವಿವರಿಸುತ್ತಿದ್ದೇವೆ. ಅದು 1956ರಲ್ಲಿ ಈಜಿಪ್ಟ್ ಮೇಲೆ ನಡೆದ ದಾಳಿ.

ಮೆಡಿಟರೇನಿಯನ್ ಸಮುದ್ರವನ್ನೂ ಕೆಂಪು ಸಮುದ್ರವನ್ನೂ ಜೋಡಿಸುವ ಸೂಯೆಜ್ ಕಾಲುವೆ ಹಡಗುಗಳಿಗೆ ತೆರೆದದ್ದು 1869ರಲ್ಲಿ. ಕಾಲುವೆ ಇರುವುದು ಈಜಿಪ್ಟಿನ ನೆಲದಲ್ಲಿ, ಅದನ್ನು ತೋಡಿದ್ದು ಈಜಿಪ್ಟಿನ ರೈತರ ಬೆವರಿನಿಂದ. ಆದರೆ ಅದನ್ನು ನಡೆಸುತ್ತಿದ್ದ ಕಂಪೆನಿ ಬ್ರಿಟಿಷರ ಮತ್ತು ಫ್ರೆಂಚರ ಕೈಯಲ್ಲಿತ್ತು. 1882ರಲ್ಲಿ ಈಜಿಪ್ಟಿಗೆ ನುಗ್ಗಿದ ಬ್ರಿಟಿಷ್ ಸೇನೆಯ ಕೊನೆಯ ತುಕಡಿ ಅಲ್ಲಿಂದ ಹೊರಟದ್ದು 1956ರ ಜೂನ್‌ನಲ್ಲಿ. ಮರುತಿಂಗಳು ಅಸ್ವಾನ್ ಅಣೆಕಟ್ಟಿಗೆ ಕೊಡುವುದಾಗಿ ಹೇಳಿದ್ದ ಹಣವನ್ನು ಅಮೆರಿಕ ಹಿಂತೆಗೆದುಕೊಂಡಿತು, ಬ್ರಿಟನ್ ಕೂಡ ಅದೇ ದಾರಿ ಹಿಡಿಯಿತು. ಜುಲೈ 26ರಂದು ಅಧ್ಯಕ್ಷ ಗಮಾಲ್ ಅಬ್ದುಲ್ ನಾಸಿರ್ ಅಲೆಕ್ಸಾಂಡ್ರಿಯಾದಲ್ಲಿ ಭಾಷಣ ಮಾಡಿ ಕಾಲುವೆ ಕಂಪೆನಿಯನ್ನು ರಾಷ್ಟ್ರೀಕರಣಗೊಳಿಸಿದರು. ಷೇರುದಾರರಿಗೆ ಪರಿಹಾರ ಕೊಡುವುದಾಗಿಯೂ ಘೋಷಿಸಿದರು.

ಬ್ರಿಟನ್ನಿನ ಪ್ರಧಾನಿ ಆಂಟನಿ ಈಡನ್ ಇದರಿಂದ ಕೆರಳಿದರು. ಕಾಲುವೆ ನಡೆಸುವುದು ಈಜಿಪ್ಟಿನವರಿಂದಾಗದು, ಜಗತ್ತಿನ ಹಡಗು ಸಂಚಾರ ನಿಂತುಹೋಗುತ್ತದೆ ಎಂಬ ಮಾತು ಹಬ್ಬಿತು. ಸೆಪ್ಟೆಂಬರ್ ಮಧ್ಯದಲ್ಲಿ ಹಡಗುಗಳಿಗೆ ದಾರಿ ತೋರುತ್ತಿದ್ದ ವಿದೇಶೀ ಪೈಲಟ್‌ಗಳು ಒಟ್ಟಾಗಿ ಕೆಲಸ ಬಿಟ್ಟುಹೋದರು. ಆದರೂ ಸಂಚಾರ ನಿಲ್ಲಲಿಲ್ಲ. ಈಜಿಪ್ಟಿನವರು ತಮ್ಮ ಕಾಲುವೆಯನ್ನು ತಾವೇ ನಡೆಸಿ ತೋರಿಸಿದರು.

ಹಾಗಾದರೆ ನಿಜವಾದ ಉದ್ದೇಶವೇನಿತ್ತು? ಜುಲೈ 27ರಂದೇ ಬ್ರಿಟಿಷ್ ಸಚಿವ ಸಂಪುಟ ಅಗತ್ಯವಾದರೆ ಸೇನಾಬಲ ಬಳಸುವುದೆಂದು ಒಪ್ಪಿ, ಯೋಜನೆ ಸಿದ್ಧಪಡಿಸಲು ಸೇನಾ ಮುಖ್ಯಸ್ಥರಿಗೆ ಹೇಳಿತ್ತು. ಈ ವಿಷಯಕ್ಕಾಗಿಯೇ ರಚಿಸಿದ ಸಚಿವರ ಸಮಿತಿ ಜುಲೈ 30ರ ಸಭೆಯಲ್ಲಿ, ಈಜಿಪ್ಟಿನ ಸರಕಾರವನ್ನು ಉರುಳಿಸುವುದೇ ತಕ್ಷಣದ ಗುರಿ ಎಂದು ಬರೆದಿಟ್ಟುಕೊಂಡಿತು. ಆಗಸ್ಟ್‌ನಲ್ಲಿ ಮೀಸಲು ಸೈನಿಕರಿಗೆ ಕರೆ ಹೋಯಿತು. 'ಮಸ್ಕೆಟಿಯರ್' ಎಂಬ ಗುಪ್ತನಾಮದ ಯೋಜನೆ ತಯಾರಾಯಿತು. ಮೊದಲು ಅಲೆಕ್ಸಾಂಡ್ರಿಯಾದಲ್ಲಿ ಇಳಿಯುವುದು ಎಂದಿತ್ತು, ಆಮೇಲೆ ಪೋರ್ಟ್ ಸೈದ್‌ನಲ್ಲಿ ಎಂದು ಬದಲಾಯಿತು. ಸೇನೆ ಸಿದ್ಧವಿತ್ತು, ಹಡಗುಗಳು ಸಿದ್ಧವಿದ್ದವು. ಇಲ್ಲದಿದ್ದುದು ಜಗತ್ತಿಗೆ ಹೇಳಲು ಒಂದು ಕಾರಣ ಮಾತ್ರ.

ಜತೆಗೂಡಿದವರಿಗೂ ಅವರವರ ಲೆಕ್ಕಾಚಾರವಿತ್ತು. ಅಲ್ಜೀರಿಯಾದಲ್ಲಿ 1954ರಿಂದ ನಡೆಯುತ್ತಿದ್ದ ಸ್ವಾತಂತ್ರ್ಯ ಹೋರಾಟಕ್ಕೆ ನಾಸಿರ್ ಬೆಂಬಲವೇ ಮೂಲ ಎಂದು ಫ್ರಾನ್ಸ್ ನಂಬಿತ್ತು. ಈಜಿಪ್ಟ್ 1955ರಲ್ಲಿ ಝೆಕೊಸ್ಲೊವಾಕಿಯಾದ ಮೂಲಕ ಪಡೆದ ಶಸ್ತ್ರಾಸ್ತ್ರಗಳು ಬಳಕೆಗೆ ಬರುವ ಮೊದಲೇ ಅದರ ಸೇನೆಯನ್ನು ಮುರಿಯಬೇಕು, ತಿರಾನ್ ಜಲಸಂಧಿಯನ್ನು ತನ್ನ ಹಡಗುಗಳಿಗೆ ತೆರೆಯಿಸಬೇಕು ಎಂಬುದು ಇಸ್ರೇಲಿನ ಬಯಕೆಯಾಗಿತ್ತು. ಅರಬರ ನಾಡಿನಲ್ಲಿ ಕುಸಿಯುತ್ತಿದ್ದ ತನ್ನ ಪ್ರಭಾವವನ್ನು ಉಳಿಸಿಕೊಳ್ಳುವುದು ಮತ್ತು ಕಾಲುವೆಯ ಮೂಲಕ ಬರುವ ತೈಲದ ದಾರಿಯನ್ನು ಕಾಯ್ದುಕೊಳ್ಳುವುದು ಬ್ರಿಟನ್ನಿನ ಚಿಂತೆಯಾಗಿತ್ತು.

ಇಲ್ಲಿ ದಿನಾಂಕಗಳನ್ನು ಗಮನಿಸಬೇಕು. ಅಕ್ಟೋಬರ್ 13ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಕಾಲುವೆಯ ವಿವಾದ ಬಗೆಹರಿಸಲು ಆರು ತತ್ವಗಳನ್ನು ಒಮ್ಮತದಿಂದ ಅಂಗೀಕರಿಸಿತು. ಈಜಿಪ್ಟ್ ಕೂಡ ಅವಕ್ಕೆ ಒಪ್ಪಿತ್ತು. ಅಂದರೆ ಶಾಂತಿಯ ಬಾಗಿಲು ತೆರೆಯುತ್ತಿತ್ತು. ಮರುದಿನವೇ, ಅಕ್ಟೋಬರ್ 14ರಂದು, ಫ್ರಾನ್ಸಿನ ಇಬ್ಬರು ದೂತರು ಈಡನ್‌ರನ್ನು ಗುಟ್ಟಾಗಿ ಭೇಟಿಯಾಗಿ ಒಂದು ಉಪಾಯ ಮುಂದಿಟ್ಟರು. ಇಸ್ರೇಲ್ ಸಿನಾಯಿಯ ಮೇಲೆ ದಾಳಿ ಮಾಡಲಿ. ಕಾದಾಡುವ ಇಬ್ಬರನ್ನೂ ಬೇರ್ಪಡಿಸುವ ನೆಪದಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಕಾಲುವೆಯನ್ನು ವಶಪಡಿಸಿಕೊಳ್ಳಲಿ.

ಅಕ್ಟೋಬರ್ 22ರಿಂದ 24ರವರೆಗೆ ಪ್ಯಾರಿಸ್ ಬಳಿಯ ಸೆವ್ರ್ ಎಂಬಲ್ಲಿ, ಒಂದು ಖಾಸಗಿ ಬಂಗಲೆಯಲ್ಲಿ ಮೂರೂ ದೇಶಗಳವರು ಸೇರಿದರು. ಇಸ್ರೇಲಿನ ಬೆನ್ ಗುರಿಯನ್, ಫ್ರಾನ್ಸಿನ ಗಿ ಮೊಲ್ಲೆ, ಬ್ರಿಟನ್ನಿನ ವಿದೇಶಾಂಗ ಸಚಿವ ಸೆಲ್ವಿನ್ ಲಾಯ್ಡ್ ಮಾತುಕತೆಯಲ್ಲಿ ಪಾಲ್ಗೊಂಡರು. ಯಾವ ದಿನ ದಾಳಿ, ಯಾವ ದಿನ ಎಚ್ಚರಿಕೆ, ಎಷ್ಟು ಗಂಟೆಯ ಗಡುವು ಎಂಬುದೆಲ್ಲ ಕಾಗದದ ಮೇಲೆ ಬಂತು, ಸಹಿಯೂ ಬಿತ್ತು. ಇದು ಬರಹಕ್ಕಿಳಿದಿದೆ ಎಂದು ತಿಳಿದಾಗ ಈಡನ್ ಗಾಬರಿಗೊಂಡು, ಪ್ರತಿಗಳನ್ನು ನಾಶಪಡಿಸಲು ಅಧಿಕಾರಿಗಳನ್ನು ಮತ್ತೆ ಪ್ಯಾರಿಸಿಗೆ ಕಳುಹಿಸಿದರು. ಬ್ರಿಟಿಷ್ ಪ್ರತಿ ನಾಶವಾಯಿತು, ಇಸ್ರೇಲಿನ ಬಳಿ ಇದ್ದ ಪ್ರತಿ ಉಳಿಯಿತು.

ಮುಂದೆ ಎಲ್ಲವೂ ಬರೆದಿಟ್ಟಂತೆಯೇ ನಡೆಯಿತು. ಅಕ್ಟೋಬರ್ 29ರಂದು ಇಸ್ರೇಲ್ ದಾಳಿ ಮಾಡಿತು. 30ರಂದು ಬ್ರಿಟನ್ ಮತ್ತು ಫ್ರಾನ್ಸ್ 'ಶಾಂತಿಗಾಗಿ' 12 ಗಂಟೆಯ ಗಡುವು ಕೊಟ್ಟು, ಎರಡೂ ಸೇನೆಗಳು ಕಾಲುವೆಯಿಂದ ಹತ್ತು ಮೈಲಿ ಹಿಂದೆ ಸರಿಯಬೇಕೆಂದವು. ಆಗ ಇಸ್ರೇಲಿ ಸೇನೆಯ ಹೆಚ್ಚಿನ ಭಾಗ ಕಾಲುವೆಯಿಂದ ಬಹಳ ದೂರದಲ್ಲಿತ್ತು. ದಾಳಿ ಮಾಡಿದವರಿಗೆ ಮುಂದೆ ಬರಲು ಅವಕಾಶ, ದಾಳಿಗೊಳಗಾದವರಿಗೆ ತಮ್ಮದೇ ನೆಲದಿಂದ ಹಿಂದೆ ಸರಿಯಬೇಕೆಂಬ ಆಜ್ಞೆ! ಈಜಿಪ್ಟ್ ಒಪ್ಪಲಿಲ್ಲ. 31ರಂದು ಬಾಂಬ್ ದಾಳಿ ಆರಂಭವಾಯಿತು. ನವೆಂಬರ್ 5 ಮತ್ತು 6ರಂದು ಪೋರ್ಟ್ ಸೈದ್‌ನಲ್ಲಿ ಸೇನೆ ಇಳಿಯಿತು. ನಗರದ ಸಾಮಾನ್ಯ ಜನರು ಸತ್ತರು, ಮನೆಗಳು ಸುಟ್ಟವು. ಈಜಿಪ್ಟ್ ಹಡಗುಗಳನ್ನು ಮುಳುಗಿಸಿ ಕಾಲುವೆಯನ್ನೇ ಮುಚ್ಚಿತು. ಸಂಚಾರ ಉಳಿಸುತ್ತೇವೆಂದು ಹೊರಟ ಯುದ್ಧದಿಂದಲೇ ಸಂಚಾರ ನಿಂತುಹೋಯಿತು, ಕಾಲುವೆ ಮತ್ತೆ ತೆರೆದದ್ದು 1957ರ ಏಪ್ರಿಲ್‌ನಲ್ಲಿ.

ಅಮೆರಿಕದ ಒತ್ತಡ, ಕುಸಿಯುತ್ತಿದ್ದ ಪೌಂಡ್, ರಷ್ಯದ ಬೆದರಿಕೆ ಮತ್ತು ವಿಶ್ವಸಂಸ್ಥೆಯ ನಿರ್ಣಯಗಳಿಂದಾಗಿ ನವೆಂಬರ್ 6ರ ಮಧ್ಯರಾತ್ರಿ ಕದನ ನಿಂತಿತು. ಡಿಸೆಂಬರ್ 20ರಂದು ಈಡನ್ ಸಂಸತ್ತಿನಲ್ಲಿ, ಇಸ್ರೇಲ್ ದಾಳಿ ಮಾಡುವುದು ತಮಗೆ ಮೊದಲೇ ತಿಳಿದಿರಲಿಲ್ಲ ಎಂದರು. ಮೂರು ವಾರದೊಳಗೆ ರಾಜೀನಾಮೆ ಕೊಟ್ಟರು. ಅವರದೇ ಸರಕಾರದಲ್ಲಿ ಸಚಿವರಾಗಿದ್ದು, ದಾಳಿಯನ್ನು ಪ್ರತಿಭಟಿಸಿ ರಾಜೀನಾಮೆ ಕೊಟ್ಟಿದ್ದ ಆಂಟನಿ ನಟಿಂಗ್ 1967ರಲ್ಲಿ ಪುಸ್ತಕ ಬರೆದು ಒಳಸಂಚನ್ನು ಬಯಲು ಮಾಡಿದರು. ಸೆವ್ರ್ ಒಪ್ಪಂದದ ಪ್ರತಿ ಸಾರ್ವಜನಿಕರ ಕಣ್ಣಿಗೆ ಬಿದ್ದದ್ದು 1996ರಲ್ಲಿ, ಬರೋಬ್ಬರಿ 40 ವರ್ಷಗಳ ನಂತರ.

ಇದರಿಂದ ನಾವು ಕಲಿಯಬೇಕಾದುದೇನು?

ಮೊದಲನೆಯದು, ರಹಸ್ಯ ಸಮಾಲೋಚನೆಯ ಬಗ್ಗೆ. ದಾನ, ಸತ್ಕರ್ಮ ಅಥವಾ ಜನರ ನಡುವೆ ಸಂಧಾನ, ಇವುಗಳಿಗಾಗಿ ಅಲ್ಲದ ಗುಟ್ಟಿನ ಮಾತುಕತೆಗಳಲ್ಲಿ ಒಳಿತಿಲ್ಲ ಎಂಬ ಅರ್ಥದ ಬೋಧನೆ ಅನ್ನಿಸಾ ಅಧ್ಯಾಯದ 114ನೇ ಸೂಕ್ತದಲ್ಲಿದೆ. ಸೆವ್ರ್‌ನ ಬಂಗಲೆಯಲ್ಲಿ ಸಂಧಾನದ ಹೆಸರಿತ್ತು, ಸಂಧಾನ ಇರಲಿಲ್ಲ.

ಎರಡನೆಯದು, ಸುದ್ದಿಯನ್ನು ಪರಿಶೀಲಿಸುವ ಬಗ್ಗೆ. ಅಲ್‌ಹುಜುರಾತ್ ಅಧ್ಯಾಯ ನಮಗೆ ಈ ಕರ್ತವ್ಯವನ್ನು ವಿಧಿಸಿದೆ. ಸರಕಾರವೊಂದು ಯುದ್ಧಕ್ಕೆ ಕಾರಣ ಹೇಳುವಾಗ ನಾವು ಕೇಳಬೇಕಾದ ಪ್ರಶ್ನೆಗಳು ಸರಳ. ಸೇನೆಯ ತಯಾರಿ ಮೊದಲು ಆಯಿತೇ, ಕಾರಣ ಮೊದಲು ಬಂತೇ? ಮಾತುಕತೆಯ ಬಾಗಿಲು ಮುಚ್ಚಿತ್ತೇ, ಅಥವಾ ತೆರೆಯುತ್ತಿದ್ದಾಗಲೇ ಮುಚ್ಚಲಾಯಿತೇ?

ಮೂರನೆಯದು, ನ್ಯಾಯದ ಬಗ್ಗೆ. ಒಂದು ಜನತೆಯ ಮೇಲಿನ ದ್ವೇಷ ನಮ್ಮನ್ನು ಅನ್ಯಾಯಕ್ಕೆ ಎಳೆಯಬಾರದು. ಬಾಂಬ್ ಬೀಳುತ್ತಿದ್ದ ದಿನಗಳಲ್ಲೇ, ನವೆಂಬರ್ 4ರಂದು, ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಸಾವಿರಾರು ಬ್ರಿಟಿಷರು ಸೇರಿ ಯುದ್ಧವನ್ನು ಖಂಡಿಸಿದರು. ನೆಹರೂ ಸರಕಾರವೂ ದಾಳಿಯನ್ನು ಖಂಡಿಸಿತು. ಶಾಂತಿಪಾಲನೆಗಾಗಿ ವಿಶ್ವಸಂಸ್ಥೆ ಕಳುಹಿಸಿದ ಪಡೆಯಲ್ಲಿ ನಮ್ಮ ದೇಶದ ಸೈನಿಕರೂ 1967ರವರೆಗೆ ಸೇವೆ ಸಲ್ಲಿಸಿದರು. ಇನ್ನೊಂದೆಡೆ, 1990ರಲ್ಲಿ ಕುವೈತ್‌ಗೆ ನುಗ್ಗಿದ ಇರಾಕಿನ ಸದ್ದಾಂ ಹುಸೇನ್, ಅಲ್ಲಿನ ಕ್ರಾಂತಿಕಾರಿಗಳೇ ತಮ್ಮನ್ನು ಕರೆದರೆಂದು ಹೇಳಿದ್ದರು. ನೆಪ ಹುಡುಕುವುದು ಯಾವುದೇ ಒಂದು ಧರ್ಮದವರ ಸ್ವಭಾವವಲ್ಲ, ಅಧಿಕಾರದ ಮದವೇರಿದವರ ಸ್ವಭಾವ. ನಮ್ಮವರು ಮಾಡಿದರೂ ಅನ್ಯಾಯ ಅನ್ಯಾಯವೇ.

ಕೊನೆಯದಾಗಿ, ಇದು ನಮ್ಮ ಮನೆಗಳಿಗೂ ಅನ್ವಯವಾಗುವ ಮಾತು. ಅಣ್ಣತಮ್ಮಂದಿರ ಆಸ್ತಿ ತಕರಾರಿನಲ್ಲಿ, ಗಂಡಹೆಂಡಿರ ವಿರಸದಲ್ಲಿ, ಮೊಹಲ್ಲಾದ ಜಗಳದಲ್ಲಿ ಮಧ್ಯಸ್ಥಿಕೆಗೆ ಹೋಗುವ ನಾವು ಒಂದು ಪಕ್ಷದ ಜತೆ ಮೊದಲೇ ಮಾತಾಡಿಕೊಂಡು ಹೋಗುತ್ತೇವೆಯೇ? ನಮ್ಮ ತೀರ್ಮಾನ ಮೊದಲೇ ಆಗಿದ್ದು, ನ್ಯಾಯ ಕೇಳುವುದು ಬರೀ ತೋರಿಕೆಯೇ? ಈಡನ್ ಕಾಗದ ಸುಡಿಸಿದರೂ ಸತ್ಯ ಹೊರಬಂತು. ಯಾವ ಕಾಗದವೂ ಇಲ್ಲದ ನಮ್ಮ ಗುಟ್ಟುಗಳು ಅಲ್ಲಾಹನ ಬಳಿ ದಾಖಲಾಗಿವೆ. ಸಂಧಾನದ ಹೆಸರು ಹೇಳುವಾಗ ನಮ್ಮ ಮನಸ್ಸಿನಲ್ಲಿಯೂ ಸಂಧಾನವೇ ಇರುವಂತೆ ಅಲ್ಲಾಹನು ನಮ್ಮನ್ನು ಅನುಗ್ರಹಿಸಲಿ. ಆಮೀನ್.