ಬೋಲ್ಟ್ ಕೆಳಗಿನ ಬಿಲ್ಲೆ

ಹಾರ್ಡ್‌ವೇರ್ ಅಂಗಡಿಯಲ್ಲಿ ಬೋಲ್ಟ್ ತೋರಿಸಿ ‘ಇದಕ್ಕೆ ಹೊಂದೋ ವಾಷರ್ ನಾಲ್ಕು ಕೊಡಿ’ ಎಂದರೆ ಸಾಕು. ವಿಮಾನ ರಿಪೇರಿ ಮಾಡುವವರು ಹಾಗೆ ಕೇಳುವಂತಿಲ್ಲ. ಅವರು ಬರೆದುಕೊಡುವುದು ಎನ್‌ಎಎಸ್1149ಎಫ್0363ಪಿ ಎಂಬಂಥ ಸಂಖ್ಯೆ. ಮೊದಲ ಭಾಗ ಅಮೆರಿಕದ ರಾಷ್ಟ್ರೀಯ ಏರೋಸ್ಪೇಸ್ ಮಾನಕದ್ದು. ಎಫ್ ಎಂದರೆ ಉಕ್ಕು. 03 ಎಂದರೆ 3/16 ಇಂಚಿನ ಬೋಲ್ಟಿಗೆ ಹೊಂದುವಂಥದ್ದು. 63 ಎಂದರೆ ದಪ್ಪ 0.063 ಇಂಚು, ಸುಮಾರು 1.6 ಮಿ.ಮೀ.; ಪಿ ಎಂದರೆ ತುಕ್ಕು ತಡೆಯುವ ಕ್ಯಾಡ್ಮಿಯಂ ಲೇಪನ. ಹಳೆಯ ಮೆಕ್ಯಾನಿಕ್‌ಗಳ ಬಾಯಲ್ಲಿ ಇದು ಇಂದಿಗೂ ಎಎನ್960.

ದಪ್ಪದ ಬಗ್ಗೆ ಇಷ್ಟೊಂದು ಹಟ ಏಕೆ? ವಿಮಾನದ ಬೋಲ್ಟಿಗೆ ಥ್ರೆಡ್ ಇರುವುದು ತುದಿಯಲ್ಲಷ್ಟೇ. ಜೋಡಿಸಿದ ತಗಡುಗಳು ಅತ್ತಿತ್ತ ಜಗ್ಗುವಾಗ ಆ ಭಾರ ಬೋಲ್ಟಿನ ನುಣುಪು ಭಾಗದ ಮೇಲೆ ಬೀಳಬೇಕು. ಆದರೆ ಬೋಲ್ಟ್ ಸಿಗುವುದು ನಿಗದಿತ ಉದ್ದಗಳಲ್ಲಿ ಮಾತ್ರ. ತಗಡುಗಳ ಒಟ್ಟು ದಪ್ಪ ಅದಕ್ಕೆ ಸರಿಯಾಗಿ ಕೂರುವುದು ಅಪರೂಪ. ನುಣುಪು ಭಾಗ ಕೊಂಚ ಹೊರಚಾಚಿದರೆ ನಟ್ ಥ್ರೆಡ್ ಮುಗಿದಲ್ಲೇ ಕಚ್ಚಿ ನಿಲ್ಲುತ್ತದೆ. ಟಾರ್ಕ್ ಸ್ಪ್ಯಾನರ್ ‘ಬಿಗಿಯಾಯಿತು’ ಎನ್ನುತ್ತದೆ, ಒಳಗೆ ತಗಡುಗಳು ಸಡಿಲವಾಗಿಯೇ ಇರುತ್ತವೆ! ಆ ಸಂದನ್ನು ತುಂಬುವುದು ವಾಷರ್. ಇನ್ನೂ ಸಣ್ಣ ಸಂದಿದ್ದರೆ ಅರ್ಧ ದಪ್ಪದ್ದೂ ಉಂಟು.

ಹೊರ ಅಳತೆಯ ಮಹತ್ವ ತಿಳಿಯಲು ಜಪಾನಿನ ನಾಹಾಕ್ಕೆ ಹೋಗಬೇಕು. 2007ರ ಆಗಸ್ಟ್ 20ರಂದು ಚೈನಾ ಏರ್‌ಲೈನ್ಸ್‌ನ ಬೋಯಿಂಗ್ 737-800 ಅಲ್ಲಿ ಇಳಿದು, ನಿಲುಗಡೆ ತಲುಪುತ್ತಿದ್ದಂತೆ ಹೊತ್ತಿ ಉರಿಯಿತು. ಒಳಗಿದ್ದ 165 ಮಂದಿಯೂ ಬದುಕಿದರು.

ರೆಕ್ಕೆಯ ಮುಂಚೂಣಿಯಲ್ಲಿ ಸ್ಲ್ಯಾಟ್ ಎಂಬ ಪಟ್ಟಿಗಳಿರುತ್ತವೆ. ಏರುವಾಗ, ಇಳಿಯುವಾಗ ಅವು ಹಳಿಯ ಮೇಲೆ ಮುಂದೆ ಚಾಚಿಕೊಳ್ಳುತ್ತವೆ. ಹಳಿ ಅಳತೆ ಮೀರಿ ಸರಿಯದಂತೆ ಅದರ ಹಿಂದಿನ ತುದಿಯಲ್ಲಿ ಒಂದು ತಡೆಯನ್ನು ನಟ್-ಬೋಲ್ಟ್‌ನಿಂದ ಬಿಗಿದಿರುತ್ತಾರೆ. ಅಲ್ಲಿನ ತೂತು ನಟ್‌ಗಿಂತ ದೊಡ್ಡದು. ನಟ್ ತೂರಿಹೋಗದಂತೆ ಹಿಡಿದಿದ್ದುದು ಒಂದು ವಾಷರ್. ಅಪಘಾತಕ್ಕೆ ಸುಮಾರು ಒಂದೂವರೆ ತಿಂಗಳ ಮುಂಚೆ ನಟ್ ಬಿಚ್ಚಿ ಹಾಕಿದಾಗ ಆ ವಾಷರ್ ಬಿದ್ದುಹೋಗಿರಬೇಕು, ಇಕ್ಕಟ್ಟಿನ ಜಾಗದಲ್ಲಿ ಅದು ಯಾರ ಗಮನಕ್ಕೂ ಬರಲಿಲ್ಲ ಎಂದು ತನಿಖೆ ಹೇಳಿತು. ವ್ಯಂಗ್ಯವೆಂದರೆ, ನಟ್ ಸಡಿಲವಾಗದಿರಲಿ ಎಂದೇ ಅದನ್ನು ಬಿಚ್ಚಿದ್ದರು.

ತಡೆ ಕಳಚಿ ಬಿತ್ತು. ನಾಹಾದಲ್ಲಿ ಇಳಿದು ಸ್ಲ್ಯಾಟ್ ಒಳಗೆಳೆದಾಗ ಹಿಂದೆ ಸರಿದ ಹಳಿ, ಬಿದ್ದಿದ್ದ ಬೋಲ್ಟನ್ನು ಒತ್ತಿ ಇಂಧನ ಟ್ಯಾಂಕಿನ ಗೋಡೆಯನ್ನೇ ತೂತು ಮಾಡಿತು. ಸೋರಿದ ಇಂಧನ ಬಿಸಿ ಎಂಜಿನ್‌ಗೆ ತಗುಲಿತು.

ಕೆಲಸಗಾರನ ಕಣ್ತಪ್ಪು ನಿಜ. ಆದರೆ ಒಂದು ವಾಷರ್ ಜಾರಿದರೆ ಸಾಕು ಎಂಬಂತೆ ಆ ತಡೆಯನ್ನು ರೂಪಿಸಿದವರದೂ ತಪ್ಪಿದೆ. ಕೆಲವೇ ದಿನಗಳಲ್ಲಿ ಅಮೆರಿಕದ ವಿಮಾನಯಾನ ಆಡಳಿತ ಆ ಮಾದರಿಯ 737ಗಳ ತುರ್ತು ತಪಾಸಣೆಗೆ ಆದೇಶಿಸಿತು. ಬೇರೆ ವಿಮಾನಗಳಲ್ಲೂ ಸಡಿಲ ಭಾಗಗಳು ಸಿಕ್ಕಿದ್ದರಿಂದ, 24 ದಿನಗಳ ಗಡುವನ್ನು ಹತ್ತಕ್ಕೆ ಇಳಿಸಬೇಕಾಯಿತು.